‘ದಿ ಗ್ಲಾಸ್ ಹೌಸ್’: ನೋಡಿದವರು, ನೋಡಬೇಕೆಂದಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾ ಬಂದು ಎರಡು ದಶಕ ದಾಟಿದರೂ ನೋಡಿದವರ ನಡುವಿನ ತಕರಾರು ಮುಗಿದಿಲ್ಲ. ಅರ್ಧ ಗಂಟೆಯೊಳಗೆ ಎಲ್ಲ ಗೊತ್ತಾಗಿ ಹೋಗುತ್ತದೆ, ಇದೆಂಥ ಸಸ್ಪೆನ್ಸ್ ಎಂದು ಮೂಗು ಮುರಿಯುವವರು ಒಂದು ಕಡೆ. ಹೈಸ್ಕೂಲಿನಲ್ಲಿದ್ದಾಗ ನೋಡಿ ಇಂದಿಗೂ ಮರೆಯಲಾಗದವರು ಇನ್ನೊಂದು ಕಡೆ. ನಾನು ಎರಡನೆಯವರ ಕಡೆಗೆ ವಾಲುವವನು, ಆದರೆ ಮೊದಲನೆಯವರ ದೂರುಗಳಲ್ಲಿ ಕೆಲವನ್ನು ತಳ್ಳಿಹಾಕಲಾಗದು. ಕೊನೆಯ ಗುಟ್ಟು ಬಯಲಾಗುವ ಜಾಗದಲ್ಲಿ ಎಚ್ಚರಿಕೆ ಕೊಟ್ಟಿದ್ದೇನೆ.

ಯಾರ ಚಿತ್ರ ಇದು? ಯಾವಾಗ ಬಂತು?

2001ರ ಹಾಲಿವುಡ್ ಚಿತ್ರ, ಕೊಲಂಬಿಯಾ ಪಿಕ್ಚರ್ಸ್ ಬಿಡುಗಡೆ ಮಾಡಿದ್ದು. ನಿರ್ದೇಶಕ ಡೇನಿಯಲ್ ಸಾಕ್‌ಹೈಮ್ ಅದುವರೆಗೆ ‘ದಿ ಎಕ್ಸ್-ಫೈಲ್ಸ್’ನಂತಹ ಟಿ.ವಿ. ಧಾರಾವಾಹಿಗಳಲ್ಲಿ ಪಳಗಿದ್ದವರು. ಚಿತ್ರಕಥೆ ವೆಸ್ಲಿ ಸ್ಟ್ರಿಕ್ ಅವರದು. 1991ರ ‘ಕೇಪ್ ಫಿಯರ್’ ಬರೆದವರು ಇವರೇ. ಒಂದು ಕುಟುಂಬದ ಹದಿಹರೆಯದ ಮಗಳ ಸುತ್ತ ದುಷ್ಟನೊಬ್ಬ ಬಲೆ ಹೆಣೆಯುವ ಕಥೆ ಅವರಿಗೆ ಹೊಸದಲ್ಲ. ಸಂಗೀತ ಕ್ರಿಸ್ಟೋಫರ್ ಯಂಗ್, ಛಾಯಾಗ್ರಹಣ ಆಲಾರ್ ಕಿವಿಲೊ. ಒಂದೂ ಮುಕ್ಕಾಲು ಗಂಟೆಯ ಸಿನಿಮಾ.

ಗುಟ್ಟು ಬಿಡದೆ ಕಥೆ ಹೇಳಿ.

ಹದಿನಾರರ ರೂಬಿ ಬೇಕರ್ ಒಂದು ರಾತ್ರಿ ಸ್ನೇಹಿತೆಯರ ಜೊತೆ ಸುತ್ತಾಡಿ ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಪೊಲೀಸರು ನಿಂತಿರುತ್ತಾರೆ. ಅಪ್ಪ ಅಮ್ಮ ಇಬ್ಬರೂ ಕಾರು ಅಪಘಾತದಲ್ಲಿ ಹೋಗಿಬಿಟ್ಟಿದ್ದಾರೆ. ಅವಳಿಗೆ ಉಳಿದವನು ತಮ್ಮ ರೆಟ್ ಒಬ್ಬನೇ. ಉಯಿಲಿನ ಪ್ರಕಾರ ಮಕ್ಕಳ ಹೊಣೆ ಹಿಂದೆ ನೆರೆಮನೆಯವರಾಗಿದ್ದ ಟೆರ್ರಿ ಮತ್ತು ಎರಿನ್ ಗ್ಲಾಸ್ ದಂಪತಿಗೆ ಬರುತ್ತದೆ. ಅವರು ಈಗ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ, ಕಡಲಿನ ಮಗ್ಗುಲಲ್ಲಿ, ಗಾಜು ಮತ್ತು ಕಾಂಕ್ರೀಟಿನ ದೊಡ್ಡ ಬಂಗಲೆಯಲ್ಲಿ ವಾಸ. ಸೋದರಮಾವ ಒಬ್ಬನಿದ್ದಾನೆ, ಆದರೆ ದೂರದಲ್ಲಿದ್ದಾನೆ.

ಮಕ್ಕಳು ಬಂದಿಳಿಯುತ್ತಾರೆ. ಅಷ್ಟು ದೊಡ್ಡ ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಕೋಣೆ. ಅಲ್ಲಿಂದ ಶುರು.

ಖಳ ಯಾರೆಂದು ಶುರುವಿನಲ್ಲೇ ಗೊತ್ತಾಗುತ್ತದೆ. ಹಾಗಾದರೆ ಸಸ್ಪೆನ್ಸ್ ಎಲ್ಲಿ ಬಂತು?

ಅತಿ ಹೆಚ್ಚು ಕೇಳಿಬರುವ ದೂರು ಇದೇ. ವಿಮರ್ಶಕರಲ್ಲಿ ಬಹುತೇಕರು ಇದೇ ಕೋಲು ಹಿಡಿದು ಚಿತ್ರವನ್ನು ಬಾರಿಸಿದರು. ದೂರಿನ ಮೊದಲ ಅರ್ಧ ಸರಿ. ಪೋಷಕರು ಒಳ್ಳೆಯವರಲ್ಲ ಎಂಬುದನ್ನು ಪೋಸ್ಟರ್ ಹೇಳುತ್ತದೆ, ಟ್ರೇಲರ್ ಹೇಳುತ್ತದೆ, ಟೆರ್ರಿಯ ಮೊದಲ ನಗುವೂ ಹೇಳುತ್ತದೆ. ಕೊಲೆಗಾರ ಯಾರು ಎಂದು ಊಹಿಸುವ ಆಟ ಬೇಕಾದವರಿಗೆ ಇಲ್ಲಿ ಕೆಲಸವಿಲ್ಲ.

ಆದರೆ ಸಸ್ಪೆನ್ಸ್ ಎಂದರೆ ಊಹೆಯ ಆಟ ಎಂದು ಯಾರು ಹೇಳಿದರು? ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್, ಫ್ರಾನ್ಸಿನ ನಿರ್ದೇಶಕ ತ್ರುಫೋ ಜೊತೆಗಿನ ಪ್ರಸಿದ್ಧ ಸಂದರ್ಶನದಲ್ಲಿ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡುತ್ತಾರೆ. ಬಾಂಬ್ ಇದೆಯೆಂದು ಯಾರಿಗೂ ಗೊತ್ತಿಲ್ಲದೆ ಸಿಡಿದರೆ ಪ್ರೇಕ್ಷಕನಿಗೆ ಕೆಲವು ಸೆಕೆಂಡಿನ ಬೆಚ್ಚು ಅಷ್ಟೇ. ಪ್ರೇಕ್ಷಕನಿಗೆ ಗೊತ್ತಿದ್ದು, ಮೇಜಿನ ಸುತ್ತ ಕುಳಿತವರಿಗೆ ಗೊತ್ತಿಲ್ಲದಿದ್ದರೆ ಅವರ ಕಾಡುಹರಟೆಯೂ ಉಸಿರು ಕಟ್ಟಿಸುತ್ತದೆ.

ನಮಗೆ ಇದನ್ನು ಹಿಚ್‌ಕಾಕ್ ಬಂದು ಹೇಳಬೇಕಾಗಿಯೂ ಇಲ್ಲ. ತಂದೆಯಿಲ್ಲದ ಮಕ್ಕಳು, ಹೊಣೆ ಹೊತ್ತ ದೊಡ್ಡಪ್ಪ, ಇರಲೆಂದು ಕಟ್ಟಿಸಿಕೊಟ್ಟ ಚಂದದ ಮನೆ: ವಾರಣಾವತದ ಅರಗಿನ ಮನೆಯ ಕಥೆ ಕೇಳುವಾಗ ಅದು ಉರಿಯಲೆಂದೇ ಕಟ್ಟಿದ ಮನೆ ಎಂಬುದು ಕೇಳುವ ಮಗುವಿಗೂ ಗೊತ್ತು. ಆದರೂ ಕಥೆ ಕೆಡುವುದಿಲ್ಲ. ಪಾಂಡವರಿಗೆ ಎಚ್ಚರಿಕೆ ಕೊಡಲು ವಿದುರನಾದರೂ ಇದ್ದ, ಸುರಂಗ ತೋಡುವವನನ್ನು ಕಳಿಸಿಕೊಟ್ಟ. ರೂಬಿಗೆ ಅಂಥ ಒಬ್ಬ ದೊಡ್ಡವರೂ ಸಿಗುವುದಿಲ್ಲ. ಈ ಚಿತ್ರದ ನಿಜವಾದ ಭಯ ಇರುವುದು ಅಲ್ಲೇ. ಅವಳಿಗೆ ಏನೋ ತಿಳಿಯುತ್ತದೆ, ಹೇಳಿಕೊಳ್ಳುತ್ತಾಳೆ, ಯಾರೂ ನಂಬುವುದಿಲ್ಲ.

ಹುಡುಗಿ ಯಾರಿಗಾದರೂ ಹೇಳಬಾರದೇ? ಅಷ್ಟು ಪೆದ್ದಿಯೇ?

ಹೇಳುತ್ತಾಳೆ! ಈ ಪ್ರಶ್ನೆ ಕೇಳುವವರು ಮಧ್ಯದಲ್ಲಿ ಎದ್ದುಹೋದವರಿರಬೇಕು ಎಂದು ನನ್ನ ಗುಮಾನಿ. ಆಸ್ತಿ ನೋಡಿಕೊಳ್ಳುವ ವಕೀಲನ ಬಳಿ ಹೋಗುತ್ತಾಳೆ. ಸಮಾಜ ಕಲ್ಯಾಣದ ಅಧಿಕಾರಿಗೂ ಹೇಳುತ್ತಾಳೆ. ತಮ್ಮನನ್ನು ಕಟ್ಟಿಕೊಂಡು ಓಡಿಹೋಗಲೂ ನೋಡುತ್ತಾಳೆ. ಪ್ರತಿ ಸಲವೂ ಅವಳ ಮಾತು ತಿರುಗಿ ಅವಳ ಮೇಲೇ ಬೀಳುತ್ತದೆ: ಪಾಪ, ಹೆತ್ತವರನ್ನು ಕಳೆದುಕೊಂಡ ದುಃಖ, ಹೊಸ ಮನೆಗೆ ಹೊಂದಿಕೊಂಡಿಲ್ಲ, ವಯಸ್ಸೂ ಅಂಥದ್ದು.

ಅಧಿಕಾರಿ ಮನೆಗೆ ಬರುವ ಭಾಗವನ್ನು ಗಮನವಿಟ್ಟು ನೋಡಿ. ನಟಿ ಕ್ಯಾಥಿ ಬೇಕರ್ ಆ ಪಾತ್ರವನ್ನು ಕೆಟ್ಟವಳನ್ನಾಗಿ ಮಾಡಿಲ್ಲ. ಅವಳು ತನ್ನ ಕೆಲಸವನ್ನು ತಕ್ಕಮಟ್ಟಿಗೆ ಪ್ರಾಮಾಣಿಕವಾಗಿಯೇ ಮಾಡುತ್ತಾಳೆ. ಆದರೆ ಅವಳ ಕಣ್ಣಿಗೆ ಬೀಳುವುದೇನು? ಥಳಥಳಿಸುವ ಮನೆ, ಹೆಂಡತಿ ಡಾಕ್ಟರು, ಮೃದುವಾಗಿ ಮಾತಾಡುವ ಗಂಡ, ವಿಡಿಯೊ ಗೇಮಿನಲ್ಲಿ ಮುಳುಗಿ ಖುಷಿಯಾಗಿರುವ ಚಿಕ್ಕ ಹುಡುಗ. ತಕರಾರು ಇರುವುದು ಒಬ್ಬಳಿಗೆ ಮಾತ್ರ. ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಒಲಿಸಿಕೊಂಡರೆ ಸಾಕು, ಇನ್ನೊಬ್ಬಳ ಸಾಕ್ಷ್ಯ ತಾನಾಗಿಯೇ ಬಿದ್ದುಹೋಗುತ್ತದೆ ಎಂಬ ಲೆಕ್ಕ ಟೆರ್ರಿಗೆ ಚೆನ್ನಾಗಿ ಗೊತ್ತು. ಚಿತ್ರಕಥೆಯಲ್ಲಿ ಇಂಥ ಜಾಣ್ಮೆ ಎಲ್ಲ ಕಡೆ ಇಲ್ಲ. ಇಲ್ಲಿ ಇದೆ.

ಹದಿಹರೆಯದಲ್ಲಿ ನೋಡಿದವರಿಗೂ ದೊಡ್ಡವರಾದ ಮೇಲೆ ನೋಡಿದವರಿಗೂ ಅಭಿಪ್ರಾಯ ಬೇರೆಯಾಗುವುದು ಬಹುಶಃ ಈ ಕಾರಣಕ್ಕೆ. ದೊಡ್ಡವರು ಕಥೆಯ ತಿರುವು ಹುಡುಕುತ್ತಾರೆ. ಹದಿನಾರರವರು ಎದೆಗೆ ಹಾಕಿಕೊಳ್ಳುವುದು ‘ನನ್ನ ಮಾತನ್ನು ಯಾರೂ ಕೇಳುತ್ತಿಲ್ಲ’ ಎಂಬುದನ್ನು.

ಆ ಮನೆಯ ಬಗ್ಗೆ ಎಲ್ಲರೂ ಮಾತಾಡುವುದೇಕೆ?

ಸಿನಿಮಾವನ್ನು ಹಳಿಯುವವರೂ ಮನೆಯನ್ನು ಹೊಗಳುತ್ತಾರೆ. ಹಳೆಯ ಭಯದ ಕಥೆಗಳಲ್ಲಿ ಮನೆ ಎಂದರೆ ಕತ್ತಲು, ಕಿರುಗುಟ್ಟುವ ಮೆಟ್ಟಿಲು, ಬೀಗ ಹಾಕಿದ ಕೋಣೆ. ಇಲ್ಲಿ ಎಲ್ಲವೂ ಬೆಳಕು, ಎಲ್ಲವೂ ತೆರೆದದ್ದು. ಅಡಗಿಕೊಳ್ಳಲು ಒಂದು ಮೂಲೆಯಿಲ್ಲ ಎಂಬುದೇ ಹಿಂಸೆ.

ರಾತ್ರಿಯ ದೃಶ್ಯಗಳಲ್ಲಿ ಗಾಜು ಏನು ಮಾಡುತ್ತದೆ ನೋಡಿ. ಒಳಗೆ ದೀಪವಿದ್ದು ಹೊರಗೆ ಕತ್ತಲಿದ್ದರೆ ಒಳಗಿರುವವರಿಗೆ ಗಾಜಿನಲ್ಲಿ ಕಾಣುವುದು ತಮ್ಮದೇ ಮುಖ. ಹೊರಗೆ ನಿಂತವನಿಗೆ ಒಳಗಿನದೆಲ್ಲ ನಿಚ್ಚಳ. ಈಜುಕೊಳದಲ್ಲಿ ರೂಬಿ ಒಬ್ಬಳೇ ಇರುವಾಗ ಟೆರ್ರಿ ಬಂದು ನಿಲ್ಲುವ ದೃಶ್ಯವನ್ನು ಎಷ್ಟೋ ಮಂದಿ ನೆನಪಿಟ್ಟುಕೊಂಡಿದ್ದಾರೆ. ಅಲ್ಲಿ ಚಾಕು ಇಲ್ಲ, ಬೈಗುಳವಿಲ್ಲ, ಮೈ ಮುಟ್ಟುವುದೂ ಇಲ್ಲ. ನೋಟವೊಂದೇ. ಕಿವಿಲೊ ಇಡೀ ಮನೆಯನ್ನು ನೀಲಿ ಬೂದು ಛಾಯೆಯಲ್ಲಿ ತಣ್ಣಗೆ ಹಿಡಿದಿರುವುದರಿಂದ ಅದು ವಾಸದ ಮನೆ ಎನಿಸುವುದೇ ಇಲ್ಲ.

ಕಾರಿನ ಸೀಟ್ ಬೆಲ್ಟ್ ದೃಶ್ಯದ ಬಗ್ಗೆ ಕೆಲವರು ಸಿಟ್ಟಾಗುತ್ತಾರೆ. ಅದು ಬೇಕಿತ್ತೇ?

ಟೆರ್ರಿ ಡ್ರೈವರ್ ಸೀಟಿನಲ್ಲಿದ್ದಾನೆ, ರೂಬಿ ಪಕ್ಕದಲ್ಲಿ. ಬೆಲ್ಟ್ ಹಾಕುವ ನೆಪದಲ್ಲಿ ಅವನು ಅವಳ ಮೈಮೇಲಿಂದ ಬಾಗಿ ಕೈ ಚಾಚುತ್ತಾನೆ. ನಡೆದದ್ದು ಇಷ್ಟೇ. ಯಾರಿಗಾದರೂ ಹೇಳಿದರೆ ‘ಬೆಲ್ಟ್ ಹಾಕಿದರು, ಅದರಲ್ಲೇನು ತಪ್ಪು?’ ಎಂಬ ಉತ್ತರ ಬರುವಂಥ ಕೆಲಸ. ಅನುಮಾನದ ಲಾಭ ಯಾವಾಗಲೂ ದೊಡ್ಡವನಿಗೇ ಸಿಗುವಂತೆ ನಡೆದುಕೊಳ್ಳುವುದು ಇಂಥವರ ಪಟ್ಟು, ಅದನ್ನು ಚಿತ್ರ ಸರಿಯಾಗಿ ಹಿಡಿದಿದೆ.

ಸಿಟ್ಟಾಗುವವರ ವಾದಕ್ಕೂ ತೂಕವಿದೆ. ಈ ಎಳೆಯನ್ನು ಎತ್ತಿಕೊಂಡ ಚಿತ್ರ ಮುಂದೆ ಅದನ್ನು ಕೈಬಿಟ್ಟು ಹಣದ ಕಥೆಯ ಹಿಂದೆ ಓಡುತ್ತದೆ. ಕಿರುಕುಳವನ್ನು ಮೈ ನಡುಗಿಸಲು ಮಾತ್ರ ಬಳಸಿಕೊಂಡು ಅದರ ಲೆಕ್ಕ ಚುಕ್ತಾ ಮಾಡದೆ ಬಿಟ್ಟದ್ದು ಬರವಣಿಗೆಯ ಸೋಮಾರಿತನ. ಕ್ಯಾಮೆರಾ ಕೂಡ ಕೆಲವೊಮ್ಮೆ ಟೆರ್ರಿಯ ಕಣ್ಣಿನಲ್ಲೇ ನೋಡುತ್ತದೆ, ಅದು ಹಿತವಲ್ಲ.

ನಟನೆ ಹೇಗಿದೆ?

ಚಿತ್ರ ಇಷ್ಟವಾಗದವರೂ ಸೋಲೊಪ್ಪುವ ಜಾಗ ಇದು. ಟೆರ್ರಿಯಾಗಿ ಸ್ವೀಡನ್ನಿನ ಸ್ಟೆಲನ್ ಸ್ಕಾರ್ಸ್‌ಗಾರ್ಡ್. ‘ಗುಡ್ ವಿಲ್ ಹಂಟಿಂಗ್’ ಚಿತ್ರದ ಗಣಿತದ ಪ್ರೊಫೆಸರ್ ಎಂದರೆ ತಟ್ಟನೆ ನೆನಪಾಗುತ್ತಾರೆ. ದನಿ ಏರಿಸುವುದಿಲ್ಲ. ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದವನು ಮೇಲೆ ಮಾತ್ರ ನೆಮ್ಮದಿ ನಟಿಸುವಾಗ ಮುಖದಲ್ಲಿ ಬರುವ ಬಿಗಿ ಇದೆಯಲ್ಲ, ಅದನ್ನು ಚೆನ್ನಾಗಿ ತಂದಿದ್ದಾರೆ.

ಎರಿನ್ ಪಾತ್ರದ ಡಯೇನ್ ಲೇನ್ ಬಗ್ಗೆ ಇನ್ನಷ್ಟು ಹೇಳಬೇಕು. ಮರುವರ್ಷ ಬಂದ ‘ಅನ್‌ಫೇತ್‌ಫುಲ್’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದ ನಟಿ. ಇಲ್ಲಿ ಅವರಿಗೆ ಸಿಕ್ಕಿರುವುದು ಗೀಚಿ ಬಿಟ್ಟ ಪಾತ್ರ: ಡಾಕ್ಟರು, ಗುಟ್ಟಾಗಿ ಸೂಜಿ ಚುಚ್ಚಿಕೊಳ್ಳುವವಳು, ಸಿಕ್ಕಿಬಿದ್ದಾಗ ಸಕ್ಕರೆ ಕಾಯಿಲೆಯ ನೆಪ ಹೇಳುವವಳು. ಇಷ್ಟರಲ್ಲೇ ಅವರು ಒಬ್ಬ ಮನುಷ್ಯಳನ್ನು ಕಟ್ಟಿದ್ದಾರೆ. ತಪ್ಪು ಎಂದು ಗೊತ್ತು, ನಿಲ್ಲಿಸುವ ಶಕ್ತಿ ಇಲ್ಲ. ಗಂಡನಿಗಿಂತ ಇವಳ ಕಥೆಯೇ ನೋಡಬೇಕಾದದ್ದಿತ್ತು ಎನ್ನುವವರ ಜೊತೆ ನಾನೂ ಸೇರುತ್ತೇನೆ.

ರೂಬಿಯಾಗಿ ಲೀಲೀ ಸೋಬಿಯೆಸ್ಕಿ. ಹೆಚ್ಚು ಅಳುವುದಿಲ್ಲ, ಕಿರುಚುವುದಿಲ್ಲ, ಇದರಿಂದ ಕೆಲವರಿಗೆ ಮುಖದಲ್ಲಿ ಭಾವವೇ ಇಲ್ಲ ಎನಿಸಿದೆ. ನನಗೆ ಹಾಗನಿಸಲಿಲ್ಲ, ಯಾರನ್ನು ನಂಬಬೇಕೆಂದು ತಿಳಿಯದ ಹುಡುಗಿ ಮುಖಕ್ಕೆ ಬೀಗ ಹಾಕಿಕೊಂಡೇ ಓಡಾಡುವುದು. ತಮ್ಮನಾಗಿ ಟ್ರೆವರ್ ಮಾರ್ಗನ್, ವಕೀಲನಾಗಿ ಬ್ರೂಸ್ ಡರ್ನ್. ಡರ್ನ್ ತೆರೆಗೆ ಬಂದರೆ ಇವನನ್ನು ನಂಬಬಹುದೇ ಬೇಡವೇ ಎಂಬ ಸಂಶಯ ತಾನಾಗಿ ಹುಟ್ಟುತ್ತದೆ, ನಿರ್ದೇಶಕರಿಗೆ ಆ ಕೆಲಸ ಪುಕ್ಕಟೆಯಾಗಿ ಆಗಿದೆ.

ಉಯಿಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಹೀಗೆ ಮಕ್ಕಳನ್ನೂ ಹಣವನ್ನೂ ಕೈಗೆ ತೆಗೆದುಕೊಳ್ಳಲು ಸಾಧ್ಯವೇ?

ಕಾನೂನು ಬಲ್ಲವರು ಹುಬ್ಬೇರಿಸುವ ಪ್ರಶ್ನೆ. ಕಥೆ ನಡೆಯುವ ಕ್ಯಾಲಿಫೋರ್ನಿಯಾದಲ್ಲಿ ಹೆತ್ತವರು ಉಯಿಲಿನಲ್ಲಿ ಪೋಷಕರ ಹೆಸರು ಸೂಚಿಸಬಹುದು, ನೇಮಿಸುವುದು ಮಾತ್ರ ನ್ಯಾಯಾಲಯ. ಮಗುವಿನ ಪಾಲನೆಯ ಹೊಣೆ ಬೇರೆ, ಆಸ್ತಿಯ ಹೊಣೆ ಬೇರೆ. ಎರಡೂ ಒಬ್ಬರಿಗೇ ಸಿಗಬೇಕೆಂದಿಲ್ಲ. ಆಸ್ತಿ ನೋಡಿಕೊಳ್ಳುವವರು ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕು. ಹಣ ಟ್ರಸ್ಟಿನಲ್ಲಿದ್ದರೆ ಅದು ಟ್ರಸ್ಟಿಯ ಕೈಯಲ್ಲಿರುತ್ತದೆ, ಮಕ್ಕಳನ್ನು ಸಾಕುವವರು ಕೇಳಿ ಪಡೆಯಬೇಕು. ಹನ್ನೆರಡು ತುಂಬಿದ ಮಗು ಪೋಷಕರ ನೇಮಕಕ್ಕೆ ತಾನೇ ಅರ್ಜಿ ಹಾಕಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಅಂದರೆ ಹದಿನಾರರ ರೂಬಿ ನ್ಯಾಯಾಧೀಶರ ಮುಂದೆ ಬಾಯಿ ಬಿಡಬಹುದಾಗಿತ್ತು.

ಚಿತ್ರದಲ್ಲಿ ನ್ಯಾಯಾಲಯವೇ ಕಾಣುವುದಿಲ್ಲ ಎನ್ನುವ ಟೀಕೆ ಹಾಗಾಗಿ ಸರಿ. ಆದರೆ ಮಕ್ಕಳ ಖರ್ಚಿನ ನೆಪ ಹೇಳಿ ಟ್ರಸ್ಟಿನಿಂದ ಹಣ ಎತ್ತುವುದು, ಶಾಲೆಯ ಫೀಸನ್ನು ಬೇರೆಡೆಗೆ ತಿರುಗಿಸುವುದು, ಇದೆಲ್ಲ ಕಟ್ಟುಕಥೆಯೇನಲ್ಲ. ಲೆಕ್ಕ ಕೇಳುವವರು ಸಡಿಲವಾದರೆ ಎಲ್ಲಿಯಾದರೂ ನಡೆಯುವಂಥದ್ದು.

ಕೊನೆಯ ಭಾಗ ಯಾಕೆ ಇಷ್ಟೊಂದು ಬೈಗುಳ ತಿಂದಿದೆ? (ಎಚ್ಚರಿಕೆ: ಇಲ್ಲಿ ಗುಟ್ಟು ಬಯಲಾಗುತ್ತದೆ)

ನೋಡದವರು ಮುಂದಿನ ಪ್ರಶ್ನೆಗೆ ಹಾರಿ.

ಟೆರ್ರಿಗೆ ಬೇಕಿರುವುದು ಮಕ್ಕಳ ಹೆಸರಿನಲ್ಲಿರುವ 40 ಲಕ್ಷ ಡಾಲರ್. ಸಾಲ ಕೊಟ್ಟ ಪುಂಡರು ಬಾಗಿಲಿಗೆ ಬಂದಿದ್ದಾರೆ. ಹೆತ್ತವರ ಸಾವೂ ಅವನದೇ ಕೈವಾಡ ಎಂದು ಕ್ರಮೇಣ ತಿಳಿಯುತ್ತದೆ. ಎರಿನ್ ತನ್ನ ಸೂಜಿಗೆ ತಾನೇ ಬಲಿಯಾಗುತ್ತಾಳೆ. ಮಕ್ಕಳು ಓಡಿಹೋಗಲೆಂದು ಟೆರ್ರಿ ಬ್ರೇಕ್ ಕೆಡಿಸಿ ಇಟ್ಟ ಕಾರು ಕೊನೆಗೆ ಹೊತ್ತೊಯ್ಯುವುದು ಸಾಲ ಕೊಟ್ಟ ಆ ಪುಂಡರನ್ನು ಮತ್ತು ಅವನನ್ನೇ. ಅಲ್ಲಿಗೂ ಮುಗಿಯುವುದಿಲ್ಲ. ಸತ್ತನೆಂದುಕೊಂಡವನು ರಕ್ತ ಸುರಿಸುತ್ತ ಎದ್ದು ಬರುತ್ತಾನೆ, ರೂಬಿ ಪೊಲೀಸ್ ಕಾರನ್ನೇ ಅವನ ಮೇಲೆ ಹಾಯಿಸುತ್ತಾಳೆ.

ತೋಡಿದ ಗುಂಡಿಗೆ ತಾನೇ ಬೀಳುವ ಖಳ ನಮಗೆ ಅಪರಿಚಿತನಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅನಾಥ ಚಂದ್ರಹಾಸನನ್ನು ಕೊಲ್ಲಿಸಲು ಹೊರಟ ಮಂತ್ರಿ ದುಷ್ಟಬುದ್ಧಿ ಹೂಡಿದ ಒಂದೊಂದು ತಂತ್ರವೂ ಅವನಿಗೇ ಮುಳುವಾಗುತ್ತದೆ, ಸ್ವಂತ ಮಗ ಮದನನ ಪ್ರಾಣವೇ ಹೋಗುತ್ತದೆ. ಹಾಗಾಗಿ ಬ್ರೇಕಿನ ತಿರುವು ನನಗೆ ಹಿಡಿಸಿತು. ಹಿಡಿಸದೆ ಹೋದದ್ದು ಎದ್ದು ಬರುವ ಹೆಣ. ಒಂದು ಗಂಟೆಯ ಕಾಲ ನೋಟದಲ್ಲಿ, ಮೌನದಲ್ಲಿ ಭಯ ಹುಟ್ಟಿಸಿದ ಚಿತ್ರ ಕೊನೆಯಲ್ಲಿ ಯಾವುದೋ ಸಾಮಾನ್ಯ ಹೊಡೆದಾಟದ ಚಿತ್ರವಾಗಿಬಿಡುತ್ತದೆ. ಇದರಲ್ಲಿ ಇನ್ನೊಂದು ತಮಾಷೆಯಿದೆ. ಚಿತ್ರ ಶುರುವಾಗುವುದೇ ರೂಬಿ ಮತ್ತು ಸ್ನೇಹಿತೆಯರು ಥಿಯೇಟರಿನಲ್ಲಿ ಚೀರಾಟ, ರಕ್ತಪಾತದ ಅಗ್ಗದ ಸಿನಿಮಾ ನೋಡುವುದರಿಂದ. ಅಂಥ ಭಯ ಸುಳ್ಳು, ಮುಂದೆ ಬರುವುದು ನಿಜ ಎಂದು ತೋರಿಸಲು ಹೊರಟವರು ಕೊನೆಗೆ ಬಂದು ಸೇರಿದ್ದು ಅದೇ ಥಿಯೇಟರಿಗೆ.

ಹ್ಯಾಮ್ಲೆಟ್ ಪ್ರಸ್ತಾಪ ಯಾಕೆ?

ಶಾಲೆಯಲ್ಲಿ ರೂಬಿಗೆ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಮೇಲೆ ಪ್ರಬಂಧ ಬರೆಯುವ ಕೆಲಸ ಬರುತ್ತದೆ. ತಂದೆಯನ್ನು ಕೊಂದು ತಂದೆಯ ಜಾಗಕ್ಕೆ ಬಂದವನ ನಾಟಕ. ಸೂಚನೆ ಅರ್ಥವಾಯಿತು, ಮೊಳೆ ಹೊಡೆಯುವ ಅಗತ್ಯವಿರಲಿಲ್ಲ.

ಚಿತ್ರಮಂದಿರದಲ್ಲಿ ಯಾಕೆ ಓಡಲಿಲ್ಲ?

ಅಮೆರಿಕದಲ್ಲಿ ಬಿಡುಗಡೆಯಾದ ದಿನ 2001ರ ಸೆಪ್ಟೆಂಬರ್ 14. ನ್ಯೂಯಾರ್ಕಿನ ಅವಳಿ ಗೋಪುರ ಉರುಳಿ ಮೂರೇ ದಿನ. ಆ ವಾರ ಯಾರಿಗೂ ದುಡ್ಡು ಕೊಟ್ಟು ಹೆದರಿಕೊಳ್ಳುವ ಮನಸ್ಸಿರಲಿಲ್ಲ. ಇಡೀ ಸೋಲನ್ನು ಇದರ ಮೇಲೆ ಹಾಕುವುದೂ ಸರಿಯಲ್ಲ, ವಿಮರ್ಶೆಗಳು ನೀರಸವಾಗಿದ್ದವು, ಟ್ರೇಲರ್ ಕಥೆಯನ್ನೆಲ್ಲ ಹೇಳಿಬಿಟ್ಟಿತ್ತು. ಹಾಕಿದ ಹಣವಂತೂ ಟಿಕೆಟ್ ಮಾರಾಟದಿಂದ ಹಿಂದಿರುಗಲಿಲ್ಲ. ಮುಂದೆ ಡಿವಿಡಿ, ಟಿ.ವಿ. ಮೂಲಕ ನೋಡಿದವರೇ ಇದರ ಅಭಿಮಾನಿಗಳಾದರು. ಒಂದು ಲೆಕ್ಕದಲ್ಲಿ ಮನೆಯ ಸೋಫಾದಲ್ಲಿ ಕುಳಿತು ನೋಡಿದರೇ ಈ ಸಿನಿಮಾ ಹೆಚ್ಚು ಕಾಡುವುದು, ಕಿಟಕಿ ಪಕ್ಕದಲ್ಲೇ ಇರುತ್ತದಲ್ಲ.

ಮಕ್ಕಳ ಜೊತೆ ಕುಳಿತು ನೋಡಬಹುದೇ?

ಅಮೆರಿಕದಲ್ಲಿ ಸಿಕ್ಕ ಪ್ರಮಾಣಪತ್ರ ಪಿಜಿ-13, ಅಂದರೆ ಹದಿಮೂರರೊಳಗಿನವರ ವಿಷಯದಲ್ಲಿ ಹೆತ್ತವರು ಎಚ್ಚರ ವಹಿಸಬೇಕು ಎಂದು. ರಕ್ತ ಹೆಚ್ಚಿಲ್ಲ. ಹದಿನಾಲ್ಕು ಹದಿನೈದು ದಾಟಿದವರ ಜೊತೆ ನೋಡಬಹುದು, ನೋಡಿದ ಮೇಲೆ ಮಾತಾಡುವುದಕ್ಕೂ ವಿಷಯವಿದೆ. ಚಿಕ್ಕವರಿಗೆ ಬೇಡ. ಹೆತ್ತವರು ಒಂದೇ ರಾತ್ರಿ ಇಲ್ಲವಾಗುವ ಕಲ್ಪನೆ ಯಾವ ಭೂತಕ್ಕಿಂತಲೂ ಕೆಟ್ಟದಾಗಿ ನಿದ್ದೆ ಕೆಡಿಸುತ್ತದೆ. ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರಿಗೂ ಮೊದಲೇ ಹೇಳಿ ತೋರಿಸಿ.

ಎರಡನೇ ಭಾಗ ಇದೆಯಂತೆ?

2006ರಲ್ಲಿ ‘ಗ್ಲಾಸ್ ಹೌಸ್: ದ ಗುಡ್ ಮದರ್’ ಎಂದು ನೇರ ಡಿವಿಡಿಗೆ ಬಂತು. ಹೆಸರು ಬಿಟ್ಟರೆ ಮೊದಲ ಚಿತ್ರದ ಪಾತ್ರಗಳಿಗೂ ಕಥೆಗೂ ಸಂಬಂಧವಿಲ್ಲ. ಮತ್ತೆ ಅನಾಥ ಅಕ್ಕ ತಮ್ಮ, ಮತ್ತೆ ನಂಬಬಾರದ ಪೋಷಕರು; ಈ ಸಲ ಆತಂಕ ಹೆಂಗಸಿನ ಕಡೆಯಿಂದ, ಆಂಜಿ ಹಾರ್ಮನ್ ಆ ಪಾತ್ರದಲ್ಲಿ. ಬಿಡುವಿದ್ದರೆ ನೋಡಿ.

ಇದೇ ಬಗೆಯಲ್ಲಿ ಇನ್ನೂ ಒಳ್ಳೆಯದು ಯಾವುದು?

1955ರ ‘ದಿ ನೈಟ್ ಆಫ್ ದ ಹಂಟರ್’, ಕಣ್ಣುಮುಚ್ಚಿ ಹೇಳುತ್ತೇನೆ. ನಟ ಚಾರ್ಲ್ಸ್ ಲಾಟನ್ ನಿರ್ದೇಶಿಸಿದ ಏಕೈಕ ಚಿತ್ರ. ಅಡಗಿಸಿಟ್ಟ ಹಣಕ್ಕಾಗಿ ಅಣ್ಣ ತಂಗಿಯರ ಬೆನ್ನು ಬೀಳುವ ಕಪಟ ಬೋಧಕನಾಗಿ ರಾಬರ್ಟ್ ಮಿಚಮ್. ಬಿಡುಗಡೆಯಾದಾಗ ಅದೂ ಸೋತಿತ್ತು, ಈಗ ಸಾರ್ವಕಾಲಿಕ ಚಿತ್ರಗಳ ಸಾಲಿನಲ್ಲಿದೆ. ಮಿಚಮ್ ಖಳನೆಂಬುದು ಅಲ್ಲಿಯೂ ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ, ಅದನ್ನು ಯಾರೂ ದೋಷ ಎನ್ನಲಿಲ್ಲ. ‘ದಿ ಗ್ಲಾಸ್ ಹೌಸ್’ ಆ ಮಟ್ಟದ್ದೆಂದು ನಾನೇನೂ ವಾದಿಸುವುದಿಲ್ಲ, ಮಕ್ಕಳ ಕಣ್ಣಿನಿಂದ ನೋಡುವ ಛಲವನ್ನು ಲಾಟನ್ ಕೊನೆಯವರೆಗೂ ಬಿಡಲಿಲ್ಲ, ಸಾಕ್‌ಹೈಮ್ ಬಿಟ್ಟರು.

ಒಮ್ಮೆ ನೋಡಿದ್ದೇನೆ, ಹಿಡಿಸಲಿಲ್ಲ. ಇನ್ನೊಮ್ಮೆ ನೋಡುವುದರಲ್ಲಿ ಅರ್ಥವಿದೆಯೇ?

ಕೊನೆಯ ಇಪ್ಪತ್ತು ನಿಮಿಷಕ್ಕೆ ಬೇಸತ್ತವರಾದರೆ ಇದೆ. ಈ ಸಲ ಟೆರ್ರಿಯನ್ನು ಬಿಟ್ಟು ಎರಿನ್‌ಳನ್ನು ಹಿಂಬಾಲಿಸಿ. ಊಟದ ಮೇಜಿನಲ್ಲಿ, ಬಾಗಿಲ ಬಳಿ, ಗಂಡ ಸುಳ್ಳು ಹೇಳುತ್ತಿರುವ ಹೊತ್ತಿನಲ್ಲಿ ಅವಳ ಕಣ್ಣು ಯಾರ ಕಡೆ ಹೋಗುತ್ತದೆ, ಯಾವಾಗ ತಗ್ಗುತ್ತದೆ ಎಂದು ಗಮನಿಸಿ. ಎಲ್ಲ ಗೊತ್ತಿದ್ದ ಒಬ್ಬ ದೊಡ್ಡವಳು ಆ ಮನೆಯಲ್ಲೇ ಇದ್ದಳು. ನಟನೆಯೇ ಹಿಡಿಸಲಿಲ್ಲ ಎನ್ನುವವರಾದರೆ ಬೇಡ, ಮೇಲೆ ಹೇಳಿದ ಲಾಟನ್ ಚಿತ್ರಕ್ಕೆ ಆ ಸಂಜೆಯನ್ನು ಇಟ್ಟುಕೊಳ್ಳಿ.